ನಮ್ಮ ಕೋಳಿ, ನಮ್ಮ ಗಂಟು

(ಶಹಾಬಾದ ಹತ್ತಿರದ ಒಂದು ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ಹೊಲದ ಕೆಲಸ ಮುಗಿಸಿ ಬಂದಿದ್ದೀರಿ. ಕಲ್ಲಿನ ಖಣಿಯ ಕೆಲಸ ಮುಗಿಸಿ ಬಂದಿದ್ದೀರಿ. ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಮಲಗಿಸಿ ಬಂದಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಕೂಡಿಸುವುದಿಲ್ಲ. ಇವತ್ತು ಕೋಳಿಯ ಮಾತು ಆಡೋಣ.

ಒಂದು ಹಳೇ ಕಥೆ ನಿಮಗೆಲ್ಲ ಗೊತ್ತು. ಒಂದು ಊರಾಗ ಒಬ್ಬ ಮುದುಕಿ ಇದ್ದಳು. ಅವಳ ಹತ್ತಿರ ಒಂದು ಹುಂಜ ಇತ್ತು. ತನ್ನ ಹುಂಜ ಕೂಗಿದರೇನೇ ಊರಿಗೆ ಬೆಳಗಾಗುತ್ತದೆ ಎಂದು ಅವಳು ತಿಳಿದಿದ್ದಳು. ಒಂದು ದಿನ ಊರವರ ಮೇಲೆ ಸಿಟ್ಟು ಬಂತು. ಹುಂಜವನ್ನು ಬಗಲಲ್ಲಿ ಎತ್ತಿಕೊಂಡು ಊರು ಬಿಟ್ಟು ಹೋದಳು. ಊರಿಗೆ ಬೆಳಗಾಗುವುದು ಆಗಿಯೇ ಆಯಿತು. ಈ ಕಥೆ ಕೇಳಿ ನಾವೆಲ್ಲ ನಗುತ್ತೇವೆ.

ಆದರೆ ಸ್ವಲ್ಪ ವಿಚಾರ ಮಾಡ್ರಿ. ಆ ಮುದುಕಿ ಊರು ಬಿಡುವಾಗ ಬೇರೆ ಏನು ಒಯ್ದಳು? ಏನೂ ಇಲ್ಲ. ಹೊಲ ಇದ್ದರೂ ಅವಳ ಹೆಸರಿನಲ್ಲಿ ಇದ್ದಿರಲಿಕ್ಕಿಲ್ಲ. ಇದು ನನ್ನದು ಎಂದು ಎತ್ತಿಕೊಂಡು ಹೋಗಲು ಅವಳಿಗೆ ಇದ್ದದ್ದು ಆ ಹುಂಜ ಒಂದೇ.

ನಮ್ಮದೂ ಬಹಳಷ್ಟು ಹಾಗೆಯೇ. ಹೊಲದ ಪಹಣಿ ಗಂಡನ ಹೆಸರಿನಲ್ಲಿ, ಇಲ್ಲದಿದ್ದರೆ ಮಾವನ ಹೆಸರಿನಲ್ಲಿ. ಎತ್ತು ಮಾರಿದ ರೊಕ್ಕ ಅವರ ಕೈಗೆ. ತೊಗರಿ ಮಾರಿದ ರೊಕ್ಕ ಬೀಜ ಗೊಬ್ಬರದ ಸಾಲಕ್ಕೆ. ಕೋಳಿ ಮಾರಿದ ರೊಕ್ಕ, ತತ್ತಿ ಮಾರಿದ ರೊಕ್ಕ ಮಾತ್ರ ನಮ್ಮ ಸೆರಗಿನ ಗಂಟಿಗೆ. ಮಗುವಿಗೆ ಜ್ವರ ಬಂದರೆ ಆ ಗಂಟು ಬಿಚ್ಚುತ್ತೇವೆ. ಪಾಟಿ ಪುಸ್ತಕ ಬೇಕಾದರೆ ಆ ಗಂಟು ಬಿಚ್ಚುತ್ತೇವೆ. ತವರಿಗೆ ಹೋಗುವ ಬಸ್ಸಿನ ಚಾರ್ಜಿಗೂ ಅದೇ ಗಂಟು.

ಇಂಥ ಗಂಟು ಒಂದು ವಾರದಲ್ಲಿ ಖಾಲಿ ಆದರೆ ಹೇಗೆ? ನಮ್ಮ ಓಣಿಯಲ್ಲಿ ಹಾಗೆ ಆಯಿತು. ಅದನ್ನೇ ಮೊದಲು ಹೇಳುತ್ತೇವೆ.

ಹನ್ನೊಂದು ಕೋಳಿಯ ಮಾತು

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಇದ್ದಾರೆ. ಎರಡು ಎಕರೆ ಒಣ ಹೊಲ. ಮನೆಯಲ್ಲಿ ಹನ್ನೊಂದು ಜವಾರಿ ಕೋಳಿ. ಮಗಳು ಏಳನೇ ತರಗತಿ ಪಾಸಾಗಿದ್ದಳು. ಮುಂದಿನ ಶಾಲೆ ದೂರ. ದಿನಾಲೂ ಹೋಗಿ ಬರುವ ಖರ್ಚು, ಬ್ಯಾಗು, ಚಪ್ಪಲಿ ಎಲ್ಲ ಆಗಬೇಕು. ಯುಗಾದಿ ಆದಮೇಲೆ ಏಳು ಕೋಳಿ ಮಾರೋಣ, ನಾಲ್ಕು ಇಟ್ಟುಕೊಳ್ಳೋಣ ಎಂದು ಅಕ್ಕ ಲೆಕ್ಕ ಹಾಕಿದ್ದರು.

ಬಿಸಿಲು ಏರುವ ಹೊತ್ತಿಗೆ ಓಣಿಯವರು ಒಬ್ಬರು ಸಂತೆಯಿಂದ ಎರಡು ಹುಂಜ ತಂದರು. ಕಡಿಮೆ ಬೆಲೆಗೆ ಸಿಕ್ಕವು ಅಂತ ಸಂತೋಷಪಟ್ಟರು. ಕೆಲವೇ ದಿನದಲ್ಲಿ ಆ ಹುಂಜ ಸತ್ತವು. ಆಮೇಲೆ ಮನೆ ಮನೆಯ ಕೋಳಿ ತೂಕಡಿಸಿದವು. ಹಸಿರು ನೀರಿನಂಥ ಹಿಕ್ಕೆ ಹಾಕಿದವು. ಬಾಯಿ ತೆರೆದು ಉಸಿರು ಎಳೆದವು. ಕೆಲವು ಕತ್ತು ತಿರುಚಿಕೊಂಡು ಗಿರಗಿರ ಸುತ್ತಿದವು. ಅಕ್ಕನ ಹನ್ನೊಂದರಲ್ಲಿ ಹನ್ನೊಂದೂ ಹೋದವು.

ಆ ಜೂನ್ ತಿಂಗಳಲ್ಲಿ ಹುಡುಗಿ ಶಾಲೆಗೆ ಹೋಗಲಿಲ್ಲ. ಅವ್ವನ ಸಂಗಡ ಕಳೆ ತೆಗೆಯಲು ಹೋದಳು. ಮರು ವರ್ಷ ನಾವೆಲ್ಲ ಕೂಡಿ ಹೇಳಿ ಅವಳನ್ನು ಸೇರಿಸಿದೆವು. ಆದರೆ ಒಂದು ವರ್ಷ ಹೋದದ್ದು ಹೋಯಿತು.

ಇದು ಯಾವ ರೋಗ?

ನಮ್ಮ ಕಡೆ ಇದಕ್ಕೆ ಕೋಳಿ ಬ್ಯಾನಿ ಅನ್ನುತ್ತಾರೆ. ದೃಷ್ಟಿ ತಾಗಿತು ಅನ್ನುವವರೂ ಇದ್ದಾರೆ. ದೃಷ್ಟಿ ಅಲ್ಲ, ಅಕ್ಕಂದಿರೇ. ಇದರ ಹೆಸರು ರಾಣಿಖೇತ ರೋಗ. ರಾಣಿಖೇತ ಎಂಬುದು ದೂರದ ಹಿಮಾಲಯದ ಮಡಿಲಲ್ಲಿ, ಈಗಿನ ಉತ್ತರಾಖಂಡ ರಾಜ್ಯದಲ್ಲಿ ಇರುವ ಒಂದು ಊರು. 1927ರ ಸುಮಾರಿಗೆ ಅಲ್ಲಿ ಈ ರೋಗವನ್ನು ಗುರುತಿಸಿದರು. ಅದಕ್ಕೇ ಆ ಹೆಸರು. ಬೇರೆ ದೇಶಗಳಲ್ಲೂ ಈ ರೋಗ ಇದೆ.

ಈ ರೋಗ ಕಣ್ಣಿಗೆ ಕಾಣದ ಬಹಳ ಸಣ್ಣ ವಿಷಾಣುವಿನಿಂದ ಬರುತ್ತದೆ. ರೋಗದ ಕೋಳಿಯ ಹಿಕ್ಕೆ, ಸಿಂಬಳ, ಅದು ಕುಡಿದ ನೀರು, ನಮ್ಮ ಕೈ, ನಮ್ಮ ಚಪ್ಪಲಿ, ಇವೆಲ್ಲ ರೋಗವನ್ನು ಹೊತ್ತು ತರುತ್ತವೆ. ಬಂದ ಮೇಲೆ ಇದಕ್ಕೆ ಔಷಧ ಇಲ್ಲ. ಅರಿಷಿಣ ಹಚ್ಚಿದರೂ ಇಲ್ಲ, ಉಳ್ಳಾಗಡ್ಡಿ ತಿನಿಸಿದರೂ ಇಲ್ಲ. ಬರುವ ಮೊದಲು ಲಸಿಕೆ ಹಾಕಿಸುವುದು ಒಂದೇ ದಾರಿ.

ನಾವು ಮಾಡಿದ ತಪ್ಪು

ಈಗ ನಮ್ಮ ತಪ್ಪನ್ನೂ ಹೇಳಬೇಕು.

ಮರು ವರ್ಷ ಕಲಿಸುವ ನಾವೇ ಮುಂದಾಗಿ ಲಸಿಕೆ ತಂದೆವು. ಪಟ್ಟಣದಿಂದ ಬಸ್ಸಿನಲ್ಲಿ ತಂದೆವು. ಕೈಚೀಲದಲ್ಲಿ ಶೀಶೆ ಇಟ್ಟುಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬಂದೆವು. ಶಹಾಬಾದ ಕಡೆಯ ಬಿಸಿಲು ನಿಮಗೆ ಹೇಳಬೇಕೇ? ಪರಸಿಯ ಮೇಲೆ ಕಾಲಿಡಲು ಆಗುವುದಿಲ್ಲ. ಆ ದಿನ ಹೊತ್ತಾಯಿತು ಎಂದು ಶೀಶೆಯನ್ನು ಮಾಡದಲ್ಲಿ ಇಟ್ಟೆವು. ಮರುದಿನ ಹಾಕಿದೆವು. ಆ ಬೇಸಿಗೆಯಲ್ಲಿ ರೋಗ ಬಂತು. ಲಸಿಕೆ ಹಾಕಿದ ಕೋಳಿಯೂ ಸತ್ತವು.

"ಔಷಧ ಸುಳ್ಳು ಅದ ಬಿಡ್ರಿ ಟೀಚರ್" ಅಂದರು ಎಲ್ಲರೂ. ನಮಗೂ ಉತ್ತರ ಗೊತ್ತಾಗಲಿಲ್ಲ.

ಆಗ ಅದೇ ಅಕ್ಕ ಒಂದು ಮಾತು ಕೇಳಿದರು. ಅವರು ಆಗತಾನೇ ಕೂಡಕ್ಷರ ಕಲಿಯುತ್ತಿದ್ದರು.

"ಟೀಚರ್, ಶೀಶೆ ಮ್ಯಾಲ ಏನೋ ಬರದಾರಲ್ಲ. ಅದು ಏನದ?"

ಖಾಲಿ ಶೀಶೆ ತಂದು ಓದಿದೆವು. ಅಕ್ಷರ ಬಹಳ ಸಣ್ಣ. ಇಂಗ್ಲೀಷಿನಲ್ಲಿತ್ತು. ಆದರೆ ಅಂಕಿ ಎಲ್ಲರಿಗೂ ತಿಳಿಯುವಂತಿತ್ತು. 2 ಮತ್ತು 8. ಎರಡು ಡಿಗ್ರಿಯಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕು ಎಂದು ಬರೆದಿತ್ತು. ಅಂದರೆ ಬರ್ಫದ ಹತ್ತಿರದ ತಂಪು. ನಮ್ಮ ಮಾಡದಲ್ಲಿ ಆ ದಿನ ನಾಲ್ವತ್ತು ಡಿಗ್ರಿ ಇದ್ದರೂ ಇದ್ದೀತು. ಲಸಿಕೆಯ ಜೀವ ಹೋಗಿತ್ತು. ನಾವು ಕೋಳಿಗೆ ಹಾಕಿದ್ದು ಬರೀ ನೀರು.

ನೋಡ್ರಿ, ಓದು ಬಲ್ಲವರು ನಾವು. ಓದದೇ ಹಾಕಿದವರೂ ನಾವು. ಅಕ್ಷರ ಕಲಿಯುತ್ತಿದ್ದ ಅಕ್ಕ ಕೇಳಿದ ಪ್ರಶ್ನೆ ನಮಗೆ ಕಣ್ಣು ತೆರೆಸಿತು. ಓದು ಬಂದರೆ ಸಾಲದು. ಎದುರಿಗೆ ಬರೆದದ್ದನ್ನು ಓದಬೇಕು.

ಮೂರನೇ ವರ್ಷ

ಮೂರನೇ ವರ್ಷ ನಾವೆಲ್ಲ ಕೂಡಿ ಮಾಡಿದೆವು. ಒಂದು ಶೀಶೆ ಲಸಿಕೆ ನೂರು ಕೋಳಿಗೆ ಆಗುತ್ತದೆ. ಒಂದು ಮನೆಯಲ್ಲಿ ನೂರು ಕೋಳಿ ಎಲ್ಲಿ ಬರಬೇಕು? ಒಬ್ಬರೇ ಕೊಂಡರೆ ಉಳಿದದ್ದು ಚೆಲ್ಲಬೇಕು. ಕಲಸಿದ ಲಸಿಕೆ ಎರಡು ತಾಸಿನ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೇ ಒಂಬತ್ತು ಮನೆಯವರು ಕೂಡಿದೆವು.

ಹಿಂದಿನ ದಿನವೇ ಒಬ್ಬ ಅಕ್ಕ ಪಟ್ಟಿ ಬರೆದರು. ಯಾರ ಮನೆ, ಎಷ್ಟು ಕೋಳಿ, ಎಷ್ಟು ಮರಿ. ಎಲ್ಲ ಕೂಡಿ 76 ಆದವು. ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಟ್ಟಿದ್ದೆವು. ಚಹಾದ ಥರ್ಮಾಸಿನಲ್ಲಿ ಬರ್ಫ ತುಂಬಿ, ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರೊಳಗೆ ಇಟ್ಟು ತಂದರು. ಬೆಳಗಾಗುವ ಮೊದಲು, ಕೋಳಿ ಗೂಡಿನಿಂದ ಇಳಿಯುವ ಮೊದಲು ಶುರು ಮಾಡಿದೆವು. ಬೆಳಗಾದ ಮೇಲೆ ಕೋಳಿ ಹಿಡಿಯಲು ಹೋದರೆ ಊರೆಲ್ಲ ಓಡಬೇಕಾಗುತ್ತದೆ!

74 ಕೋಳಿಗೆ ಹಾಕಿದ್ದಾಯಿತು. ಎರಡು ಬೇವಿನ ಗಿಡ ಹತ್ತಿ ಕೂತಿದ್ದವು. ಪಟ್ಟಿಯಲ್ಲಿ ಆ ಅಕ್ಕ ಹಾಗೇ ಬರೆದರು: "ಗಿಡದ ಮ್ಯಾಲ ಅವ. ಸಿಗಲಿಲ್ಲ."

ಆ ಬೇಸಿಗೆಯಲ್ಲಿ ಪಕ್ಕದ ಓಣಿಗೆ ರೋಗ ಬಂತು. ನಮ್ಮ ಓಣಿಗೂ ಬಂತು. ಗಿಡದ ಮೇಲಿನ ಎರಡೂ ಸತ್ತವು. ಒಂದನ್ನು ನಾಯಿ ಹಿಡಿಯಿತು, ಎರಡನ್ನು ಮುಂಗುಸಿ ಒಯ್ದಿತು. ರೋಗದಿಂದ ಮಾತ್ರ ಪಟ್ಟಿಯಲ್ಲಿದ್ದ ಬೇರೆ ಯಾವ ಕೋಳಿಯೂ ಸಾಯಲಿಲ್ಲ.

ಲಸಿಕೆ ಯಾವಾಗ?

ಇದನ್ನು ನಿಧಾನವಾಗಿ ಓದಿಕೊಳ್ಳಿ. ಗೋಡೆಗೆ ಬರೆದಿಡಿ.

ಮರಿ ಹುಟ್ಟಿ 5ರಿಂದ 7 ದಿನ ಆದಾಗ ಲಸೋಟ ಲಸಿಕೆ. ಕಣ್ಣಿಗೆ ಇಲ್ಲವೆ ಮೂಗಿಗೆ ಒಂದು ಹನಿ. ಸುಮಾರು ನಾಲ್ಕು ವಾರಕ್ಕೆ ಇನ್ನೊಮ್ಮೆ.

ಎರಡು ತಿಂಗಳು ತುಂಬಿದ ಮೇಲೆ ಆರ್.ಟೂ.ಬಿ. ಎಂಬ ಚುಚ್ಚುಮದ್ದು. ಎರಡು ತಿಂಗಳ ಒಳಗಿನ ಮರಿಗೆ ಇದು ಬೇಡವೇ ಬೇಡ. ಮರಿ ಸತ್ತೀತು. ಇದನ್ನು ಪಶು ವೈದ್ಯರ ಕೈಯಿಂದ ಇಲ್ಲವೆ ಕಲಿತವರ ಕೈಯಿಂದಲೇ ಹಾಕಿಸಬೇಕು.

ಆಮೇಲೆ ಆರು ತಿಂಗಳಿಗೊಮ್ಮೆ. ನೆನಪು ಇರುವುದಿಲ್ಲ ಅನ್ನುತ್ತೀರಾ? ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಆ ವಾರ ಒಮ್ಮೆ. ಕಾರಹುಣ್ಣಿವೆಗೆ ಎತ್ತಿಗೆ ಬಣ್ಣ ಹಚ್ಚುತ್ತೇವಲ್ಲ, ಆ ವಾರ ಒಮ್ಮೆ. ಎತ್ತಿಗೆ ಹಬ್ಬ ಮಾಡುತ್ತೇವೆ. ಕೋಳಿಗೂ ಅದೇ ಹಬ್ಬ ಅಂದುಕೊಳ್ಳಿ.

ಕೋಳಿ ಸಿಡುಬಿಗೂ ಬೇರೆ ಲಸಿಕೆ ಇದೆ. ಜಂತಿನ ಔಷಧವೂ ಇದೆ. ಅವನ್ನು ಯಾವಾಗ ಹಾಕಬೇಕು ಎಂದು ಪಶು ವೈದ್ಯರನ್ನು ಕೇಳಿ ಬರೆದುಕೊಳ್ಳಿ.

ಲಸಿಕೆ ಗಟ್ಟಿಮುಟ್ಟಾದ ಕೋಳಿಗೆ ಮಾತ್ರ. ರೋಗ ಬಂದ ಕೋಳಿಗೆ ಹಾಕಿ ಉಪಯೋಗ ಇಲ್ಲ. ಶೀಶೆ ತೆಗೆದುಕೊಳ್ಳುವಾಗ ಎರಡು ಸಂಗತಿ ನೋಡಿ. ಒಂದು, ಮುಗಿಯುವ ತಾರೀಖು. ಎರಡು, ಅದು ಎಲ್ಲಿತ್ತು? ಫ್ರಿಜ್ಜಿನಲ್ಲೋ, ಕಪಾಟಿನಲ್ಲೋ? ಕಪಾಟಿನಲ್ಲಿ ಇದ್ದರೆ ತೆಗೆದುಕೊಳ್ಳಬೇಡಿ. ಧೈರ್ಯವಾಗಿ ಬೇಡ ಅನ್ನಿ.

ಕಾವು ಮತ್ತು ಮರಿ

ಕಾವು ಕೂಡಿಸುವುದು ನಿಮಗೆ ನಾವು ಕಲಿಸಬೇಕಾಗಿಲ್ಲ. ನಿಮ್ಮ ಅವ್ವ, ನಿಮ್ಮ ಅಜ್ಜಿ ಕಲಿಸಿದ್ದಾರೆ. 21 ದಿನಕ್ಕೆ ಮರಿ ಒಡೆಯುತ್ತದೆ ಎಂದು ನಿಮಗೆ ಗೊತ್ತು. ಎರಡು ಮೂರು ಮಾತು ಮಾತ್ರ ಕೂಡಿಸುತ್ತೇವೆ.

ಹಳೇ ತತ್ತಿ ಕಾವಿಗೆ ಇಡಬೇಡಿ. ಚಳಿಗಾಲದಲ್ಲಿ ಒಂದು ವಾರದ ಒಳಗಿನದು, ಬೇಸಿಗೆಯಲ್ಲಿ ಮೂರು ನಾಲ್ಕು ದಿನದ ಒಳಗಿನದು ಇರಲಿ. ತತ್ತಿಯನ್ನು ತೊಳೆಯಬೇಡಿ. ತತ್ತಿಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಒಂದು ಜವಾರಿ ಕೋಳಿಯ ಕೆಳಗೆ ಹತ್ತು ಹನ್ನೆರಡು ತತ್ತಿ ಸಾಕು.

ಏಳನೇ ದಿನ ರಾತ್ರಿ ಕತ್ತಲಲ್ಲಿ ತತ್ತಿಯ ಹಿಂದೆ ಬ್ಯಾಟರಿ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂತೆ ಕೆಂಪು ಗೆರೆ ಕಂಡರೆ ಮರಿ ಬೆಳೆಯುತ್ತಿದೆ. ಏನೂ ಕಾಣದೆ ಬೆಳ್ಳಗಿದ್ದರೆ ಆ ತತ್ತಿ ಮರಿ ಆಗುವುದಿಲ್ಲ. ಅದನ್ನು ತೆಗೆಯಿರಿ.

ಕಾವಿಗೆ ಕೂತ ಕೋಳಿಯ ಹತ್ತಿರವೇ ಕಾಳು, ನೀರು ಇಡಿ. ಮರಿಗೆ ತಗ್ಗು ತಟ್ಟೆಯಲ್ಲಿ ನೀರು ಇಡಿ. ತಟ್ಟೆಯಲ್ಲಿ ನಾಲ್ಕು ಹರಳು ಹಾಕಿ. ಆಗ ಮರಿ ಮುಳುಗುವುದಿಲ್ಲ. ಮೊದಲ ಒಂದು ತಿಂಗಳು ಹಗಲಲ್ಲೂ ಬುಟ್ಟಿಯ ಕೆಳಗೆ ಇಲ್ಲವೆ ಜಾಳಿಗೆಯ ಒಳಗೆ ಇಡಿ. ಹದ್ದು, ಬೆಕ್ಕು, ಮುಂಗುಸಿ ಒಯ್ಯುವುದು ಈ ತಿಂಗಳಲ್ಲೇ.

ಕೆಲವರು ಗಿರಿರಾಜ, ಸ್ವರ್ಣಧಾರಾ ಕೋಳಿ ಕೇಳುತ್ತಾರೆ. ಇವು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ. ಜವಾರಿಗಿಂತ ಬೇಗ ಬೆಳೆಯುತ್ತವೆ, ಹೆಚ್ಚು ತತ್ತಿ ಇಡುತ್ತವೆ. ಆದರೆ ಇವು ಕಾವಿಗೆ ಕೂಡುವುದಿಲ್ಲ. ಮರಿಯನ್ನು ಪ್ರತಿ ಸಲ ಕೊಂಡು ತರಬೇಕು. ಭಾರದ ಮೈ, ಬೇಗ ಹಾರಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಎರಡು ಜವಾರಿ ಕೋಳಿ ಮನೆಯಲ್ಲಿ ಇಟ್ಟುಕೊಂಡೇ ಇವನ್ನು ಸಾಕಿರಿ.

ಗೂಡು ಮತ್ತು ಮೇವು

ನಮ್ಮಲ್ಲಿ ಕಲ್ಲಿಗೆ ಬರ ಇಲ್ಲ. ಒಡೆದ ಪರಸಿ ತುಂಡು ನಿಲ್ಲಿಸಿದರೆ ಗೂಡಿನ ಗೋಡೆ ಆಯಿತು. ಆದರೆ ಮೇಲೆಯೂ ಪರಸಿ ಹಾಕಿದರೆ ಬೇಸಿಗೆಯಲ್ಲಿ ಅದು ರೊಟ್ಟಿಯ ಹಂಚು ಆಗುತ್ತದೆ. ಮೇಲೆ ತೊಗರಿ ಕಟ್ಟಿಗೆ, ಜೋಳದ ಕಣಿಕೆ ಹೊದಿಸಿ. ಬಿಸಿಲು ಹೆಚ್ಚಾದಾಗ ಗೋಣಿಚೀಲ ತೋಯಿಸಿ ಹಾಕಿ. ಗಾಳಿ ಆಡಲು ಕಿಂಡಿ ಬಿಡಿ. ಒಳಗೆ ಕೂಡಲು ಅಡ್ಡ ಕಟ್ಟಿಗೆ ಕಟ್ಟಿ. ನೆಲಕ್ಕೆ ಬೂದಿ ಹಾಕಿ ವಾರಕ್ಕೊಮ್ಮೆ ಬಳಿಯಿರಿ. ಬಳಿದ ಹಿಕ್ಕೆ ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರ.

ಮೇವಿಗೆ ಜೋಳದ ನುಚ್ಚು, ಸಜ್ಜೆ, ತೊಗರಿ ಹೊಟ್ಟು, ಸೊಪ್ಪು ಇವೆ. ಹುಳು ಹುಪ್ಪಡಿ ಅದೇ ಹುಡುಕಿ ತಿನ್ನುತ್ತದೆ. ಬೂಸು ಹಿಡಿದ ಕಾಳು, ಬೂಸು ಹಿಡಿದ ಶೇಂಗಾ ಹಿಂಡಿ ಹಾಕಬೇಡಿ. ಅದು ವಿಷ.

ತತ್ತಿಯ ಸಿಪ್ಪೆ ತೆಳ್ಳಗೆ ಆಗಿ ಒಡೆಯುತ್ತದೆಯೇ? ಕೋಳಿಗೆ ಸುಣ್ಣದ ಅಂಶ ಕಡಿಮೆ ಆಗಿದೆ. ನಮ್ಮ ಕಾಲ ಕೆಳಗಿನ ಶಹಾಬಾದ ಕಲ್ಲು ಸುಣ್ಣದ ಕಲ್ಲೇ. ವಾಡಿ, ಸೇಡಂ ಕಡೆ ಸಿಮೆಂಟು ಆಗುವುದೂ ಸುಣ್ಣದ ಕಲ್ಲಿನಿಂದಲೇ. ತತ್ತಿಯ ಸಿಪ್ಪೆಯೂ ಅದೇ ಜಾತಿಯದು. ಒಡೆದ ತತ್ತಿಯ ಸಿಪ್ಪೆಯನ್ನು ಹುರಿದು, ಕುಟ್ಟಿ, ನುಚ್ಚಿನಲ್ಲಿ ಕಲಸಿ ಹಾಕಿ. ಸುಟ್ಟ ಸುಣ್ಣ ಮಾತ್ರ ಹಾಕಬೇಡಿ. ಬಾಯಿ, ಕರುಳು ಸುಡುತ್ತದೆ.

ರೋಗ ಬಂದೇ ಬಿಟ್ಟರೆ

ಮೊದಲ ಕೋಳಿ ತೂಕಡಿಸಿದ ದಿನವೇ ಅದನ್ನು ಬೇರೆ ಮಾಡಿ. ಪಶು ಆಸ್ಪತ್ರೆಗೆ ತಿಳಿಸಿ. ಇಲ್ಲವೆ 1962 ನಂಬರಿಗೆ ಫೋನ್ ಮಾಡಿ. ಸತ್ತ ಕೋಳಿಯನ್ನು ತಿಪ್ಪೆಗೆ, ಹಳ್ಳಕ್ಕೆ ಎಸೆಯಬೇಡಿ. ಆಳವಾಗಿ ತೆಗ್ಗು ತೆಗೆದು, ಸುಣ್ಣ ಹಾಕಿ ಹುಗಿಯಿರಿ. ಬರಿಗೈಯಿಂದ ಮುಟ್ಟಬೇಡಿ, ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಒಂದೇ ಸಲಕ್ಕೆ ಬಹಳ ಕೋಳಿ ಸತ್ತರೆ ಹಕ್ಕಿ ಜ್ವರವೂ ಇರಬಹುದು. ಅದು ಮನುಷ್ಯರಿಗೂ ತಾಗಬಹುದು. ಅಂಥ ಕೋಳಿಯನ್ನು ಕೊಯ್ದು ತಿನ್ನಬೇಡಿ.

ಇನ್ನೊಂದು ಮಾತು. ಇದು ಹೇಳಲು ಕಷ್ಟ. ರೋಗ ಬಂದಾಗ ಸಾಯುವ ಮೊದಲೇ ಸಂತೆಗೆ ಒಯ್ದು ಮಾರಿಬಿಡೋಣ ಅನ್ನಿಸುತ್ತದೆ. ನಾಲ್ಕು ಕಾಸು ಆದರೂ ಬರಲಿ ಅನ್ನಿಸುತ್ತದೆ. ನಮ್ಮ ಓಣಿಗೆ ಬಂದ ಆ ಎರಡು ಹುಂಜವನ್ನೂ ಯಾರೋ ಹಾಗೆಯೇ ಮಾರಿರಬೇಕು. ಅವರೂ ನಮ್ಮಂಥ ಬಡವರೇ ಇರಬೇಕು. ಆದರೆ ಅವರ ಎರಡು ಹುಂಜದಿಂದ ನಮ್ಮ ಹುಡುಗಿಯ ಒಂದು ವರ್ಷ ಹೋಯಿತು. ನಾವು ಹಾಗೆ ಮಾಡುವುದು ಬೇಡ. ಸಂತೆಯಿಂದ ಹೊಸ ಕೋಳಿ ತಂದರೆ ಮೂರು ವಾರ ಬೇರೆ ಕಟ್ಟಿ, ಆಮೇಲೆ ಕೂಡಿಸಿ.

ಲೆಕ್ಕ ಬರೆಯೋಣ

ಈಗ ನೋಟುಬುಕ್ಕು ತೆಗೆಯಿರಿ. ಒಂದು ಲೆಕ್ಕ ಮಾಡೋಣ. ಬೆಲೆ ಊರಿಂದೂರಿಗೆ ಬೇರೆ ಇರುತ್ತದೆ. ನಾವು ಲೆಕ್ಕಕ್ಕಾಗಿ ಹಿಡಿಯೋಣ.

ಐದು ಜವಾರಿ ಕೋಳಿ ಇವೆ. ಒಂದು ಕೋಳಿ ವರ್ಷಕ್ಕೆ 60 ತತ್ತಿ ಇಟ್ಟಿತು. ಎಲ್ಲ ಕೂಡಿ 300 ತತ್ತಿ.
ಕಾವಿಗೆ ಇಟ್ಟದ್ದು 60. ಉಳಿದದ್ದು 240.
ಮನೆ ಮಂದಿ ತಿಂದದ್ದು 120. ಮಾರಿದ್ದು 120. ಒಂದಕ್ಕೆ 10 ರೂಪಾಯಿ. ಬಂದದ್ದು 1,200 ರೂಪಾಯಿ.
ಮರಿ ಒಡೆದದ್ದು 45. ಬೆಳೆದು ದೊಡ್ಡವಾದದ್ದು 25. ಮನೆಗೆ ಇಟ್ಟುಕೊಂಡದ್ದು 5. ಮಾರಿದ್ದು 20. ಒಂದಕ್ಕೆ 300 ರೂಪಾಯಿ. ಬಂದದ್ದು 6,000 ರೂಪಾಯಿ.
ಒಟ್ಟು 7,200 ರೂಪಾಯಿ.
ನುಚ್ಚು, ಲಸಿಕೆ, ಜಂತಿನ ಔಷಧದ ಖರ್ಚು 1,200 ರೂಪಾಯಿ. ಉಳಿದದ್ದು 6,000 ರೂಪಾಯಿ.

ಬ್ಯಾನಿ ಬಂದರೆ ಈ ಲೆಕ್ಕದಲ್ಲಿ ಉಳಿಯುವುದು ಸೊನ್ನೆ. ಸೊನ್ನೆ ಬರೆಯುವುದು ಸುಲಭ, ಅಕ್ಕಂದಿರೇ. ಸಹಿಸುವುದು ಕಷ್ಟ.

ಲೆಕ್ಕದಲ್ಲಿ 120 ತತ್ತಿ ಮನೆಗೆ ಎಂದು ಹಿಡಿದೆವು. ನೆನಪಿರಲಿ. ಎಲ್ಲ ತತ್ತಿಯನ್ನೂ ಮಾರಿ ಚಹಾಪುಡಿ ತರಬೇಡಿ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಮಕ್ಕಳ ಮೈ ಬೆಳೆಯಲು ಅದು ಬೇಕು. 2021ರ ಡಿಸೆಂಬರಿನಲ್ಲಿ ನಮ್ಮ ಕಲಬುರಗಿ ಸೇರಿ ಏಳು ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು. ಈ ಕಡೆಯ ಮಕ್ಕಳು ಸೊರಗಿದ್ದಾರೆ ಎಂದೇ ಇಲ್ಲಿ ಮೊದಲು ಶುರು ಆಯಿತು. ತಿನ್ನುವ ಪದ್ಧತಿ ಇರುವ ಮನೆಯಲ್ಲಿ ಶಾಲೆಗೆ ಹೋಗದ ಸಣ್ಣ ಕೂಸಿಗೂ, ಬಸಿರಿ ಸೊಸೆಗೂ, ನಿಮಗೂ ಒಂದು ತತ್ತಿ ಇರಲಿ.

ಕೊನೆಯ ಮಾತು

ಹನ್ನೊಂದು ಕೋಳಿ ಕಳೆದುಕೊಂಡ ಅಕ್ಕ ಈಗ ಮತ್ತೆ ಕೋಳಿ ಸಾಕಿದ್ದಾರೆ. ನಮ್ಮ ಓಣಿಯ ಪಟ್ಟಿ ಬರೆಯುವವರು ಅವರೇ. ಶೀಶೆ ಬಂದ ಕೂಡಲೇ ಮೊದಲು ತಾರೀಖು ಓದುತ್ತಾರೆ, ಜೋರಾಗಿ. ಎಲ್ಲರೂ ಕೇಳಿದ ಮೇಲೆ ಮುಚ್ಚಳ ತೆಗೆಯುತ್ತಾರೆ.

ಮುದುಕಿಯ ಹುಂಜ ಕೂಗಿ ಊರಿಗೆ ಬೆಳಗಾಗಲಿಲ್ಲ, ನಿಜ. ಆದರೆ ನಮ್ಮ ಹುಂಜ ಕೂಗುವ ಮೊದಲು ಎದ್ದು, ಪಟ್ಟಿ ಹಿಡಿದು, ಒಂಬತ್ತು ಮನೆಯವರು ಕೂಡಿದರೆ ನಮ್ಮ ಗಂಟು ಉಳಿಯುತ್ತದೆ. ಮುಂದಿನ ವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಕೋಳಿ ಎಷ್ಟು, ಮರಿ ಎಷ್ಟು ಎಂದು ಎಣಿಸಿ ಬರೆದುಕೊಂಡು ಬನ್ನಿ. ಬೇರೆಯವರ ಕೈಯಿಂದ ಬರೆಸಬೇಡಿ. ನೀವೇ ಬರೆಯಿರಿ.

ಗಿಡದ ಮೇಲೆ ಕೂತವನ್ನೂ ಎಣಿಸಿ.